ಯಜಮಾನರ ರುಜು

ಮೂರು ವರ್ಷದಲ್ಲಿ ಇಪ್ಪತ್ತೆರಡು ಮರಿ.
ಲೆಕ್ಕ ನನ್ನದಲ್ಲ, ಆಚೆಮನೆ ಬೀಫಾತುಮ್ಮನದ್ದು.
ಅವಳ ಅಕ್ಕಿ ಡಬ್ಬದ ಹಿಂದೆ ಏಳು,
ನನ್ನ ಬೀಡಿಸೊಪ್ಪಿನ ಚೀಲದೊಳಗೆ ಒಂಬತ್ತು,
ಮಿಕ್ಕವು ಎಲ್ಲಿ ಅಂತ ಬೊಳ್ಳಿ ಹೇಳಲಿಲ್ಲ,
ನಾವೂ ಕೇಳಲಿಲ್ಲ.

ಕಳೆದ ಸಲದ ನಾಲ್ಕನ್ನು
ಉಪ್ಪಳದ ಮೀನುಪೇಟೆಯಲ್ಲಿ ಬಿಟ್ಟು ಬಂದವಳು ನಾನೇ.
ಮೀನು ತಿಂದು ಬದುಕಿಯಾವು ಅಂತ
ದಾರಿಯುದ್ದ ನನಗೇ ಹೇಳಿಕೊಂಡೆ.
ಬೊಳ್ಳಿ ಎರಡು ರಾತ್ರಿ ಅಟ್ಟ, ಬಚ್ಚಲು, ಸೌದೆಯ ಸಂದು
ಹುಡುಕಿ ಹುಡುಕಿ ಕೂಗಿದಳು.
ಮೂರನೆಯ ದಿನ ಬಂದು ನನ್ನ ಕಾಲಿಗೇ ಮೈ ಉಜ್ಜಿದಳು.
ಅದು ಇನ್ನೂ ಕಷ್ಟ.

ಕಾಸರಗೋಡು ಪೇಟೆಯ ಡಾಕ್ಟರು ಒಳ್ಳೆಯವರು,
ಗೋಡೆ ತುಂಬ ಫಾರಿನ್ ನಾಯಿಗಳ ಫೋಟೋ.
ಮೂರೂವರೆ ಸಾವಿರ ಅಂದರು.
ಮನಸ್ಸಲ್ಲೇ ಬೀಡಿಗೆ ತಿರುಗಿಸಿದೆ:
ಹದಿನಾಲ್ಕು ಸಾವಿರ ಬೀಡಿ.
ದಿನಕ್ಕೆ ಎಂಟುನೂರು ಕಟ್ಟಿದರೆ ಹದಿನೆಂಟು ದಿನ,
ಅದೂ ಮನೆಯಲ್ಲಿ ಯಾರೂ ಉಣ್ಣದಿದ್ದರೆ.
“ಗಂಡಾಗಿದ್ದರೆ ಕಡಿಮೆಯಲ್ಲಿ ಮುಗಿಯುತ್ತಿತ್ತು”
ಅಂದರು ಮೆತ್ತಗೆ.
ಅದು ನನಗೆ ಗೊತ್ತಿತ್ತು.

ತಲಪಾಡಿ ದಾಟಿ ಮಂಗಳೂರಿಗೂ ಹೋದೆ.
ಅಲ್ಲಿ ಅರ್ಧ ದರದ ಶಿಬಿರ, ಫಾರಂ ಕನ್ನಡದಲ್ಲಿ.
ಒಂದಕ್ಷರ ತಪ್ಪದೆ ತುಂಬಿಸಿದೆ
ಕಾಪಿ ಬರೆಯುವ ಹುಡುಗಿಯ ಹಾಗೆ.
ಆಧಾರ್ ನೋಡಿ ಆ ಹುಡುಗ ತಲೆ ಕೆರೆದುಕೊಂಡ:
“ಕೇರಳದ್ದಲ್ವಾ ಅಕ್ಕ, ಇದು ಪಾಲಿಕೆಯ ಒಳಗಿನವರಿಗೆ.”
ಗಡಿಯಾಚೆ ನನ್ನ ಅಕ್ಷರ ಉಂಟು, ರಿಯಾಯಿತಿ ಇಲ್ಲ.
ಬುಟ್ಟಿಯಲ್ಲಿ ಬೊಳ್ಳಿ—
ನನಗೆ ಪುಚ್ಚೆ, ಮೇಷ್ಟರಿಗೆ ಪೂಚ,
ಕಿಣಿಯವರ ಅಂಗಡಿಯಲ್ಲಿ ಮಾಜ್ಜರ—
ಕರೆದರೆ ಬಾರದೆ ಇರಲು ಅವಳಿಗೆ
ಎಲ್ಲ ಭಾಷೆಯೂ ಬರುತ್ತದೆ.

ಕೊನೆಗೆ ಬೀಫಾತುಮ್ಮನ ಮಗಳು ಝುಲೈಖಾ ಪತ್ತೆ ಮಾಡಿದಳು:
ಎರಡನೇ ಶನಿವಾರ, ಪಂಚಾಯತ್ ಹಾಲು, ಪುಕ್ಕಟೆ.
ಬೀದಿಯವಕ್ಕೆ ಮಾತ್ರ.
ಬಾಗಿಲಲ್ಲಿ ಬಟ್ಟೆಯ ಬೋರ್ಡು: ವಂಧ್ಯಂಕರಣ.
ನಾವು ಸಂತಾನಹರಣ ಅನ್ನುತ್ತೇವೆ.
ಹರಣ; ಸೀತೆಗೆ ಆದದ್ದು.
ಎರಡರಲ್ಲೂ ಸಣ್ಣದೊಂದು ಬೈಗುಳ ಉಂಟು.

ಮೇಜಿನ ಹಿಂದೆ ಕಣ್ಣೂರಿನ ಹುಡುಗಿ, ಪೆನ್ನು ಎತ್ತಿ:
“ಉಡಮಸ್ಥ ಆರಾ?”
ಯಜಮಾನ ಯಾರು ಅಂತ, ಝುಲೈಖಾ ಕಿವಿಯಲ್ಲಿ ಹೇಳಿದಳು.

ಯಜಮಾನ.
ಇಪ್ಪತ್ತಾರು ವರ್ಷದ ಹಿಂದೆ, ಮೂರನೆಯವಳು ಹುಟ್ಟಿದ ಮೇಲೆ
ನನ್ನನ್ನೂ ಸಾಲಿನಲ್ಲಿ ಮಲಗಿಸಿದ್ದರು. ಪುಕ್ಕಟೆ.
ಅಲ್ಲೂ ಅದೇ: ಯಜಮಾನರ ರುಜು ಎಲ್ಲಿ?
ಅವರು ಹೊರಗೆ ಚಾ ಕುಡಿಯುತ್ತಿದ್ದರು.
ಬಂದು, ಯಾರದ್ದೋ ಪೆನ್ನು ಕೇಳಿ,
ಲಲಿತಾಕ್ಷಿ ಅನ್ನುವ ಹೆಸರಿನ ಕೆಳಗೆ ಗೀಟು ಎಳೆದು ಹೋದರು.
ನನ್ನನ್ನು ಯಾರೂ ಎಂತದ್ದೂ ಕೇಳಲಿಲ್ಲ.
ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ, ಅದು ಬೇರೆ ಮಾತು.

“ಆರಾ?”
ಬೊಳ್ಳಿ ಬುಟ್ಟಿಯ ಕಂಡಿಯಿಂದ ನನ್ನ ಬೆರಳು ಮೂಸಿದಳು,
ರಾತ್ರಿಯಿಂದ ಅನ್ನ ಕಾಣದವಳು.
“ಯಾರೂ ಇಲ್ಲ” ಅಂದೆ. “ಬೀದಿಯದ್ದು.”
ಹುಡುಗಿ ಅವಳ ಕೊರಳು ನೋಡಿದಳು,
ಬಿಚ್ಚಲು ಮರೆತ ಕೆಂಪು ಚಿಟ್ಟೆಹೂವಿನ ಪಟ್ಟಿ.
ಆಮೇಲೆ ನನ್ನನ್ನು.
ನನ್ನ ರವಕೆಯೂ ಅದೇ ಬಟ್ಟೆಯದ್ದು.
ಏನೂ ಅನ್ನಲಿಲ್ಲ, ಪುಣ್ಯಾತ್ಗಿತ್ತಿ,
ಆ ಕಾಲಂನಲ್ಲಿ ಒಂದು ಗೀಟು ಎಳೆದಳು.

ಸಂಜೆ ಕೊಟ್ಟಾಗ ಹೊಟ್ಟೆಗೆ ನಾಲ್ಕು ಹೊಲಿಗೆ,
ಎಡಕಿವಿಯ ತುದಿ ಇಲ್ಲ,
ಯಾರದ್ದೂ ಅಲ್ಲ ಅನ್ನುವುದಕ್ಕೆ ಗುರುತು.
ಬೀಫಾತುಮ್ಮ ಮುಳ್ಳು ತೆಗೆದ ಬೂತಾಯಿ ತಂದು
ಕಿವಿ ನೋಡಿ ಎರಡು ಸಲ ಲೊಚಗುಟ್ಟಿದಳು.

ಬೊಳ್ಳಿ ನನ್ನ ಬೀಡಿಯ ಮೊರದಲ್ಲೇ ಮಲಗಿದ್ದಾಳೆ.
ನಾಳೆ ಬ್ರಾಂಚಿಗೆ ಇನ್ನೂ ನಾನೂರು ಬಾಕಿ.
ಎಬ್ಬಿಸಲಿಲ್ಲ.
ಮಡಿಲಿಗೇ ಸೊಪ್ಪು ಸುರಿದುಕೊಂಡು
ಕತ್ತರಿ ಸದ್ದಾಗದ ಹಾಗೆ ಕೂತೆ.