ಎಡಗಾಲಿನ ಊರು

ಬುಧವಾರ. ಕಲಬುರಗಿಯ ದೊಡ್ಡ ದವಾಖಾನೆಯ ಹಿಂಬದಿ,
ಡ್ರೆಸ್ಸಿಂಗ್ ರೂಮಿನ ಹೊರಗೆ ಒಂದು ಬೆಂಚು.
ಬೆಂಚಿನ ಮೇಲೆ ಹನ್ನೊಂದು ಜನ,
ಬೆಂಚಿನ ಕೆಳಗೆ ಹದಿನಾರು ಚಪ್ಪಲಿ.
ಲೆಕ್ಕ ಯಾಕೆ ತಪ್ಪಿತೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಮಶಾಕಸಾಬರು, ಶಹಾಬಾದ್.
ಮೂವತ್ತು ವರ್ಷ ಪರಸಿಗೆ ಪಾಲಿಶ್ ಹಿಡಿದವರು.
ಹೋದ ಮೇ ತಿಂಗಳು ಕಾದ ಕಲ್ಲಿನ ಮೇಲೆ
ಬರಿಗಾಲಲ್ಲಿ ನಡೆದರೂ ಸುಡಲಿಲ್ಲವಂತೆ.
"ಅಲ್ಲಾನ ಮೆಹರಬಾನಿ ಅಂದ್ಕೊಂಡಿದ್ದೆ ಬೇಟಾ,
ಒಂದ್ ಬ್ಯಾಸಗಿ ಪೂರಾ ಖುಷೀಲೆ ನಡದೀನಿ."
ಒಂದು ಸಂಜೆ ಮೊಮ್ಮಗಳು ತೋರಿಸಿದಳು:
ಬಾಗಿಲಿನಿಂದ ಬಚ್ಚಲ ತನಕ
ಕೆಂಪು ಹೆಜ್ಜೆ,
ಒಂದೇ ಕಾಲಿನವು.

ನಾನು ಗಾಯ ತೊಳೆಯುವವಳಲ್ಲ, ಬರೆದುಕೊಳ್ಳುವವಳು.
ಹತ್ತಿ ಸುತ್ತಿದ ಕಡ್ಡಿ ಹುಣ್ಣಿನ ತಳಕ್ಕೆ ಒತ್ತಿ
ಒಂದು ಸುತ್ತು ತಿರುವಿ, ಶೀಸೆಗೆ ಇಳಿಸಿ, ನಂಬರು ಹಚ್ಚುತ್ತೇನೆ.
ನಲವತ್ತೊಂದು, ಎಡ.
ಎರಡು ರಾತ್ರಿ ಕಳೆದರೆ ತಟ್ಟೆಯಲ್ಲಿ ಊರು ಏಳುತ್ತದೆ:
ಹಳದಿ ಚುಕ್ಕೆಗಳ ಓಣಿ,
ಹಸಿರು ಲೋಳೆಯ ಕೆರೆ, ಅದಕ್ಕೆ
ಮಾಗಿದ ದ್ರಾಕ್ಷಿಯ ವಾಸನೆ.
ಇಷ್ಟು ಕೆಟ್ಟದ್ದು ಇಷ್ಟು ಸಿಹಿಯಾಗಿ ಯಾಕೆ ನಾರುತ್ತದೆ,
ನನ್ನ ಗೈಡನ್ನು ಕೇಳಿದೆ. "ಥೀಸಿಸ್ಸಿಗೆ ಅದು ಬೇಡ" ಅಂದರು.
ತಟ್ಟೆಗೆ ಬಾರದವರೂ ಇದ್ದಾರೆ, ಗಾಳಿ ತಾಕಿದರೆ ಸಾಯುವವರು,
ಒಳಮನೆಯಲ್ಲೇ ಹುಟ್ಟಿ ಒಳಮನೆಯಲ್ಲೇ ತೀರುವವರು.
ಒಬ್ಬರ ಎಂಜಲು ಮತ್ತೊಬ್ಬರ ಊಟ.
ಎಲ್ಲರೂ ಸೇರಿ ಅಂಟಿನ ಗೋಡೆ ಎಬ್ಬಿಸಿದ್ದಾರೆ.
ಔಷಧಿ ಅಗಸಿ ತನಕ ಬಂದು
ಹೊಳ್ಳಿ ಹೋಗುತ್ತದೆ.

"ಎಷ್ಟ್ ಮನಿ ಅವ?"
ಇಪ್ಪತ್ತಾರು ಜಾತಿ ಸಿಕ್ಕಿವೆ, ಅಂದೆ.
"ನಮ್ಮ ಗಲ್ಲಿಗಿಂತ ಕಮ್ಮೀನೇ ಬಿಡು. ಜಗಳ ಆಡ್ತಾವ?"
ಇಲ್ಲ ಚಾಚಾ. ಅದೇ ತೊಂದರೆ.
ನಕ್ಕರು. ನಗುವಾಗ ಬಲಗಾಲಷ್ಟೇ ಅಲ್ಲಾಡಿತು.

ಆ ಬಲಗಾಲಿನಿಂದಲೂ ತೆಗೆಯಬೇಕು, ಹೋಲಿಸಿ ನೋಡಲು.
ಒಡೆದ ಹಿಮ್ಮಡಿ, ಬಿರುಕಿನಲ್ಲಿ ಕಲ್ಲಿನ ಬಿಳಿ ಹುಡಿ.
ಅಲ್ಲೂ ಬಹುತೇಕ ಅವೇ ಹೆಸರು.
ದೂರ ದೂರ ಕೂತಿದ್ದವು, ಸಂತೆ ಇಲ್ಲದ ದಿನದ ಹಾಗೆ.
ಒಂದು ಮಧ್ಯಾಹ್ನ ಯಾರೂ ಇಲ್ಲದಾಗ
ನನ್ನ ಹೆಬ್ಬೆರಳನ್ನೇ ತಟ್ಟೆಗೆ ಒತ್ತಿದೆ.
ಹಳದಿ ಚುಕ್ಕೆ ಎದ್ದವು.
ಕಳ್ಳ ಪರಊರಿನವನಲ್ಲ, ಚಾಚಾ.
ಇದನ್ನು ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತೇನೋ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಕೇಳಿದ್ದರು,
"ಇದರಿಂದ ನನಗೇನ್ ಫಾಯ್ದಾ?"
ನಿಮಗಿಲ್ಲ. ಮುಂದೆ ಯಾರಿಗೋ ಆಗಬಹುದು.
ಊರುಗೋಲಿನಿಂದ ನೆಲ ಕುಟ್ಟಿ ಸದ್ದು ಆಲಿಸಿದರು:
"ಇದು ನಮ್ಮ ಕಡೀ ಕಲ್ಲು.
ನಾ ತಿಕ್ಕಿದ ಪರಸೀ ಮ್ಯಾಲೆ ನಾ ಎಲ್ಲಿ ಮಲಗೀನಿ?
ಬರಕೋ."

ದಸರೆಗೆ ಮುಂಚೆ ಹೆಬ್ಬೆರಳು ತೆಗೆದರು, ಅದರ ಪಕ್ಕದ್ದನ್ನೂ.
ಊರು ಮಾತ್ರ ಇದೆ,
ಸೊನ್ನೆಗಿಂತ ಎಂಬತ್ತು ಕೆಳಗಿನ ಚಳಿಯಲ್ಲಿ,
ಕಿರುಬೆರಳಿನಷ್ಟು ಶೀಸೆಯಲ್ಲಿ,
ಕಾಲಿಲ್ಲದೆ.

ನಿನ್ನೆ ರಾತ್ರಿ ಕರೆಂಟು ಹೋಯಿತು. ಹೊರಗೆ ಇನ್ನೂ ಕುದಿಯುವ ಧಗೆ.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಫ್ರೀಜರಿನ ಬಾಗಿಲಿಗೆ ಕಂಬಳಿ ಹೊದಿಸಿ,
ಚಪ್ಪಲಿ ಬಿಟ್ಟು, ಕತ್ತಲಲ್ಲಿ
ನೆಲದ ಮೇಲೆ ಪಾದ ಊರಿ ಕೂತೆ.
ಕಲ್ಲು ತಣ್ಣಗಿತ್ತು.
ತಣ್ಣಗಿದೆ
ಎಂದು ಗೊತ್ತಾಯಿತು.