ಎಂಬತ್ತೆಂಟು

ಮೇ ತಿಂಗಳ ಸೋಲಾಪುರ. ಮುಂಜಾನೆ ಐದಕ್ಕಽ ಗ್ವಾಡಿ ಬಿಸಿ.
ನಾ ಒಬ್ಬಾಕಿ ಚಾದರ ಹೊತಗೊಂಡು ಕೂತೀನಿ.
ನಗಬ್ಯಾಡ್ರಿ. ಅಕ್ಕಲಕೋಟ ರೋಡಿನ ನಮ್ಮ ಕಾರಖಾನಿದಽ ಇದು,
ಅಂಚಿನಾಗ ಒಂದೆಳಿ ತಪ್ಪಿ ಡ್ಯಾಮೇಜ್ ಅಂತ
ಅರ್ಧ ರೇಟಿಗೆ ಮನಿಗೆ ಬಂದದ್ದು.

ನಿನ್ನೆ ರಿಪೋರ್ಟ್ ಬಂತು. ಮೂರು ಪಾಯಿಂಟ್ ಎಂಟು.
ದೇಗಾಂವಕರ ಡಾಕ್ಟರು ನೀಲಿ ಪೆನ್ನಿಲೆ ಒಂದು ಗೋಲ ಹಾಕಿದರು.
ಕೆಂಪಾದ್ರ ಜಡ್ಡು, ನೀಲಿ ಅಂದ್ರ ಬರೋಬ್ಬರಿ.
"ನಾರ್ಮಲ್ ಆಹೆ ಮಾವಶಿ, ಕಾಳಜಿ ಕರೂ ನಕಾ."
ಬಾಗಿಲತನಾ ಹೋದೆ, ಹಿಂದಿಂದ ಕೂಗಿದರು, "ಕಾಳಜಿ ಘ್ಯಾ!"
ಬಿಡು ಅಂತಾರೋ ತಗೋ ಅಂತಾರೋ,
ಇದ್ದದ್ದೊಂದು ಕಾಳಜಿ.

ನಾರ್ಮಲ್ ಅಂದವರಿಗೆ ಹ್ಯಾಂಗ ಹೇಳಲಿ,
ಬಾಚಿದ್ರ ಹಣಿಗಿ ತುಂಬ ಕೂದಲು,
ಮಧ್ಯಾಹ್ನ ಮೂರಕ್ಕ ಕಣ್ಣಾಗ ಉಸುಕು ಸುರದಂಥಾ ನಿದ್ದಿ,
ಒಂದು ತಂಬಿಗಿ ನೀರು ತರಬೇಕಾದ್ರ
ಮನಸಿನಾಗಽ ಮೂರು ಸಲ ಎದ್ದು ಕೂಡಬೇಕು.
ಮೊನ್ನೆ ಮಗಳನ್ನ ಕರೀಲಿಕ್ಕೆ ಹೋಗಿ
ಬಾಯಿಗೆ ತಂಗಿ ಹೆಸರು ಬಂತು.
ತಂಗಿ ಹೋಗಿ ಒಂಬತ್ತು ವರ್ಷ.

ಸೇಠ ಕಾಟಾದ ಮ್ಯಾಲ ಚಾದರ ಇಟ್ಟು
ತೂಕ ಸರಿ ಅದ, ಪಾಸ್ ಅಂತಾನ.
ನಾ ಅಂಗೈ ಆಡಸ್ತೀನಿ: ಇಲ್ಲಿ ಹೊಕ್ಕು ಸಡಲದ ನೋಡ್ರಿ.
ಇಪ್ಪತ್ತೆರಡು ವರ್ಷದ ಕೈ.
ಕಾಟಾ ಸುಳ್ಳು ಹೇಳೂದಿಲ್ಲ, ಖರೆ,
ಆದ್ರ ಅದು ಯಾವತ್ತರ ಚಾದರ ಹೊತಗೊಂಡೇದೇನು?
ಒಮ್ಮೊಮ್ಮೆ ನನ್ನ ಕೈನೂ ತಪ್ಪತದ.
ಅದನ್ನ ಸೇಠಗ ಹೇಳೂದಿಲ್ಲ.

ಫೆಬ್ರುವರಿಯಾಗ ನಾನಽ ಡಾಕ್ಟರಾದೆ.
ಡಬ್ಬಿಯಾಗ ಹಳೀ ಐವತ್ತರ ಪಟ್ಟಿ ಇತ್ತು.
ಅತ್ತಿಯ ಅಡಕೊತ್ತಿನಾಗ ಗುಳಿಗಿ ಅರ್ಧ ಮಾಡಿ
ಎಪ್ಪತ್ತೈದರ ಜೋಡಿ ನುಂಗಿದೆ. ಲೆಕ್ಕ ನೂರು.
ಮೂರನೇ ವಾರ ಮೈಯಾಗ ದೀಪ ಹಚ್ಚಿದಂಗ,
ಮಾಡದ ಮ್ಯಾಲಿನ ಡಬ್ಬಿ ಎಲ್ಲಾ ಇಳಿಸಿ ತೊಳದೆ,
ಓಣ್ಯಾಗಿನ ಸುಗಲಾನ ಡಬ್ಬಿನೂ ತೊಳದೇನು ಅನಿಸ್ತು.
ಐದನೇ ವಾರ ರಾತ್ರಿ ಎರಡಕ್ಕ
ಎದಿಯಾಗ ಪವರ್‌ಲೂಮ್ ಚಾಲೂ,
ಖಟಕ್ ಖಟಕ್ ಖಟಕ್,
ಸ್ವಿಚ್ ಎಲ್ಲೇದೋ ಗೊತ್ತಿಲ್ಲ.
ಅವತ್ತು ದೇಗಾಂವಕರ ಬೈಲಿಲ್ಲ. ಇಸಿಜಿ ಪಟ್ಟಿ ಸುರುಳಿ ಸುತ್ತಿ
ಸುಮ್ಮನ ನನ್ನ ಕೈಯಾಗ ಇಟ್ಟರು.
ಬೈದಿದ್ರ ಜಗಳಾಡಬಹುದಿತ್ತು.

ಬಾಗಿಲತನಾ ಹೋದಾಕಿ ನಿನ್ನೆ
ಹೊಳ್ಳಿ ಬಂದು ಕುರ್ಚಿ ಎಳದೆ.
ನೂರು ಬರದು ಕೊಡ್ರಿ ಅಂದೆ.
ಎದಿ ನೆನಪದನ? ಎಪ್ಪತ್ತೈದಽ ಅಂದ್ರು.
ಎದಿ ನಂದು, ನೆನಪೂ ನಂದು,
ಥಂಡಿ ಯಾರದು ಹಂಗಾದ್ರ?
ಅವರ ಮಾತು ಮರಾಠಿ, ನನ್ನ ಸಿಟ್ಟು ಕನ್ನಡ,
ನಡುವ ಕಂಪೌಂಡರ್ ಹುಡುಗ ಸೀಲಿಂಗ್ ನೋಡತಿದ್ದ.
ಮಂಗಳವಾರ ಬಾಜಾರದಾಗ ಮಾಡಿದಂಗ
ಚೀಲ ಎತ್ತಿದೆ, ಎದ್ದು ನಿಂತೆ.
"ಥಾಂಬಾ," ಅಂದ್ರು.
ಎಂಬತ್ತೆಂಟು.

ಎಂಬತ್ತೆಂಟು ಅಂತ ಗುಳಿಗಿ ಇರತದ ಅಂತ
ಆರು ವರ್ಷದಾಗ ಯಾರೂ ಹೇಳಿದ್ದಿಲ್ಲ.

ಬರಕೋತ, ತಲಿ ಎತ್ತದಽ ಕೇಳಿದರು:
ಖಾಲಿ ಹೊಟ್ಟೀಲೆ ತಗೋತೀರಲ್ಲ? ಚಹಾದ ಜೋಡಿ ಇಲ್ಲಲ್ಲ?
"ನಾಹೀ," ಅಂದೆ,
ಅವರ ಭಾಷಾದಾಗಽ, ಸುಳ್ಳು ಅಲ್ಲಿ ಹಗುರ ಆದೀತು ಅಂತ.
ಐದು ನಲವತ್ತಕ್ಕ ಸಿಟಿ ಬಸ್ಸು;
ಗುಳಿಗಿ, ಹಾಲಿನ ಚಹಾ, ಖಾರಿ,
ಆರು ವರ್ಷ ಎಲ್ಲಾ ಒಂದಽ ಗುಟುಕು.
ನಂಬಿದ್ರು. ನಂಬಿ ಸಹಿ ಮಾಡಿದ್ರು.

ಈಗ ಹೊಸಾ ಗುಳಿಗಿ ಒಳಗ ಹೋಗೇದ.
ಗ್ಯಾಸಿನ ಮ್ಯಾಲ ಚಹಾ ಕುದ್ದು ಕುದ್ದು ಕರ್ರಗಾಗೇದ,
ಬಸ್ಸಿನ ಹಾರ್ನ್ ಚೌಕ ದಾಟಿ ಹೋತು.
ಆರು ವಾರಕ್ಕ ಮತ್ತ ರಕ್ತ ಕೊಡೂದು.
ಥಂಡಿ ಬಿಟ್ಟರ ಅದು ಎಂಬತ್ತೆಂಟರದೋ,
ಈ ಅರ್ಧ ತಾಸಿಂದೋ,
ಅವರಿಗೂ ತಿಳಿಯೂದಿಲ್ಲ, ನನಗೂ ತಿಳಿಯೂದಿಲ್ಲ.

ಚಾದರದ ಅಂಚು ತಡಕತೀನಿ.
ಎಳಿ ತಪ್ಪಿದ ಜಾಗಾಕ್ಕ ಬೆರಳು ಹೋಗಿ ನಿಲ್ಲತದ.

ಇನ್ನೂ ಹನ್ನೊಂದು ನಿಮಿಷ.