ಕೆಂಪನ್ನು ದಿಟ್ಟಿಸಬಾರದು

ಇಳಕಲ್ಲಿನಲ್ಲಿ ಹತ್ತೂವರೆಗೆ ಕರೆಂಟು ಹೋದರೆ
ಖುಷಿಪಡುವವಳು ಬಹುಶಃ ನಾನೊಬ್ಬಳೇ.
ಗ್ರಾನೈಟ್ ಕಾರ್ಖಾನೆಯ ಗರಗಸ ನಿಲ್ಲುತ್ತದೆ,
ಬೆಳಗಿನಿಂದ ಎದ್ದ ಕೆಂಗಲ್ಲಿನ ಧೂಳು
ಮನಸ್ಸಿಲ್ಲದ ಮನಸ್ಸಿನಿಂದ ನೆಲಕ್ಕಿಳಿಯುತ್ತದೆ.
ಮಾಳಿಗೆ ಮೇಲೆ ಆರಿಂಚಿನ ದುರ್ಬೀನು, ಕಾರಿನ ಬ್ಯಾಟರಿ,
ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ
ಶಾಲು ಹೊದ್ದು ಕೂತ ಅಬ್ಬಾ.

ಬೇಟೆಗಾರನ ಕಾಲಬುಡದಲ್ಲಿ ಒಂದು ಮೊಲ.
ಮೊಲದ ಮೋರೆಯ ಮುಂದೆ ಆ ಕೆಂಪು.
ಹದಿನಾಲ್ಕು ತಿಂಗಳಿಗೊಮ್ಮೆ ಹಿಗ್ಗಿ, ಕುಗ್ಗಿ,
ಕುಗ್ಗಿದಾಗ ಇನ್ನಷ್ಟು ಕೆಂಪಾಗಿ,
ಮೈಸುತ್ತ ತಾನೇ ಅರೆದುಕೊಂಡ ಕಾಡಿಗೆಯ ಮುಸುಕಿನೊಳಗೆ
ನೀಲಿಯ ಒಂದೆಳೆಯೂ ಹೊರಬೀಳದಂತೆ ಕೂತದ್ದು.

ನನ್ನಲ್ಲಿರುವುದು ಎರಡು ಸೋಸುಗಾಜು.
ಹಸಿರಿನಲ್ಲಿ ಎಂಟು ಪಾಯಿಂಟ್ ಒಂದು.
ನೀಲಿಯಲ್ಲಿ ಹದಿಮೂರು ಪಾಯಿಂಟ್ ಎರಡು.
ಇಲ್ಲಿ ಅಂಕಿ ಏರಿದಷ್ಟೂ ಬೆಳಕು ಇಳಿದ ಹಾಗೆ,
ಅಂಗಡಿಯ ಉದ್ರಿ ಪುಸ್ತಕದಂತೆ.
ಇದರಲ್ಲಿ ಅದನ್ನು ಕಳೆದರೆ ಐದು ಪಾಯಿಂಟ್ ಒಂದು.
ಉಳಿದದ್ದೇ ಬಣ್ಣ.

ಅಬ್ಬಾ ಲೆಕ್ಕ ಕೇಳುವವರಲ್ಲ.
ನಲವತ್ತು ವರ್ಷ ಹಂಡೆಯ ಹಬೆಯಲ್ಲಿ ನಿಂತವರು,
ನೇಕಾರರಿಗೆ ಇಂದಿಗೂ ಬಣ್ಣದ ದಾವಲಸಾಬ.
ರೇಷ್ಮೆಯ ಲಡಿ ಎತ್ತಿ, ಒಮ್ಮೆ ನೋಡಿ,
ಮೋರೆ ತಿರುಗಿಸಿ ಗೋಡೆಯ ಸುಣ್ಣ ನೋಡಿ,
ಮತ್ತೊಮ್ಮೆ ನೋಡಿ, "ತಗೀರಿ" ಎಂದರೆ
ಆ ಕೆಂಪಿಗೆ ಎದುರು ಮಾತಿಲ್ಲ.
ನನಗೆ ಕಲಿಸಿದ್ದೂ ಅಷ್ಟೇ:
"ಕೆಂಪನ್ನ ದಿಟ್ಟಿಸಬ್ಯಾಡ ಬೇಟಿ,
ಕಣ್ಣಾಗ ಕುಂತು ಉಬ್ಬತೈತಿ, ಸುಳ್ಳ ಹೇಳತೈತಿ."
ಕೆಂಪು ತಾರೆ ಅಳೆಯುವವರ ಕೈಪಿಡಿಯಲ್ಲೂ
ಇದೇ ಮಾತಿತ್ತು.
ಬೇಟಿ ಎಂಬುದೊಂದು ಇರಲಿಲ್ಲ.

ಹೋದ ತಿಂಗಳು ಬಾಗಲಕೋಟೆಯಲ್ಲಿ
ಅವರ ಬಲಗಣ್ಣಿನ ಪೊರೆ ತೆಗೆಸಿದೆವು.
ಎಡಗಣ್ಣಿನದು ರಮಜಾನ್ ಮುಗಿದ ಮೇಲೆ.
ಇವತ್ತು ಮೊದಲ ಸಲ ದುರ್ಬೀನಿಗೆ ಬಗ್ಗಿದರು:
ಎಡಗಣ್ಣು, ಬಲಗಣ್ಣು, ಎಡ, ಬಲ,
ನಾನು ಗಾಜು ಬದಲಿಸುವ ಹಾಗೇ.
ಕೆಂಪು ಹೆಂಗದ ಅಬ್ಬಾ, ಎಂದೆ.
ಎಲ್ಲೋ ಒಂದು ನಾಯಿ ಬೊಗಳಿ ಸುಮ್ಮನಾಯಿತು.
"ಕೆಂಪು ಕೆಂಪಽ ಐತಿ. ಎರಡೂ ಕಣ್ಣಿಗೆ ಒಂದಽ.
ಬಾಜೂಕಿನ ಬಿಳೀದು ಬದಲಾಗೇತಿ.
ಈ ಕಣ್ಣಿಗೆ ನೀಲಿ ಹನಿ ಬಿಟ್ಟಂಗ,
ಆ ಕಣ್ಣಿಗೆ ಅರಿಷಿಣದಾಗ ಅದ್ದಿದಂಗ."

ಡಬ್ಬಿಯ ಮೇಲೆ ಕೂತರು. ಎದ್ದರು.
"ಅಂದರ, ಇಷ್ಟು ವರ್ಷ ನಾ ನೋಡಿದ ಸುಣ್ಣದ ಗ್ವಾಡಿ..."
ಮಾತು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು.

ಕೆಳಗೆ ಟ್ರಂಕಿನ ಚಿಲಕದ ಸದ್ದು.
"ನಡುರಾತ್ರ್ಯಾಗ ಯಾರ ಲಗ್ನ ಐತಿ?" ಅಮ್ಮಾಳ ದನಿ.
ಟಾರ್ಚು ಹಿಡಿಯಲು ನನ್ನನ್ನೇ ಕರೆದರು.
ಅವರ ಕೈಯಿಂದ ಪಾಸಾದ ಕೊನೆಯ ಸೀರೆ,
ಕೆಂಪು ಸೆರಗಿನ ತುಂಬ ಬಿಳಿಯ ತೆನೆ.
ಒಂದು ಕಣ್ಣು ಮುಚ್ಚಿ ನೋಡಿದರು.
ಇನ್ನೊಂದು ಮುಚ್ಚಿ ನೋಡಿದರು.
ಕೆಂಪಿಗೆ ಏನೂ ಆಗಿರಲಿಲ್ಲ.
"ತೆನಿ ಹಳದಿ ಐತಿ" ಎಂದರು, ಸೀರೆಗೇ ಹೇಳುವಂತೆ.
"ಉಟ್ಟ ದಿನಾನಽ ಹೇಳಿದ್ದೆ" ಅಮ್ಮಾ ಮಗ್ಗಲು ಬದಲಿಸಿದಳು,
"ಬಣ್ಣದ ದಾವಲಸಾಬಗ ಯಾರು ಹೇಳಬೇಕು."

ಅವರು ನಕ್ಕರೋ ಇಲ್ಲವೋ,
ಟಾರ್ಚಿನ ಬೆಳಕು ಬಟ್ಟೆಯ ಮೇಲಿತ್ತು.

ನಾನು ಮೇಲೆ ಬರುವಷ್ಟರಲ್ಲಿ ಮೊಲ ಪಡುವಣಕ್ಕೆ ವಾಲಿತ್ತು,
ಕರೆಂಟು ಬಂದು ಗರಗಸ ಮತ್ತೆ ಕೂಗುತ್ತಿತ್ತು.
ವಹಿಯಲ್ಲಿ ನನ್ನ ಅಂಕಿ ಬರೆದೆ,
ಅಬ್ಬಾ ಕಂಡದ್ದನ್ನು ಬೇರೆ ಸಾಲಿನಲ್ಲಿ, ಕಣ್ಣಿಗೊಂದರಂತೆ.
ಸರಾಸರಿ ತೆಗೆಯಲಿಲ್ಲ.
ಮೂರು ಚಳಿಗಾಲದಿಂದ ಆ ಕೆಂಪನ್ನು
ಪಕ್ಕದ ಬಿಳಿಗೆ ಹಿಡಿದು ಅಳೆಯುತ್ತಿದ್ದೇನೆ.
ಬಿಳಿಯನ್ನು ಯಾವುದಕ್ಕೂ ಹಿಡಿದು ನೋಡಿಲ್ಲ.
ನಾಳೆ ಮೋಡವಿರದಿದ್ದರೆ,
ಕರೆಂಟು ಹೋದರೆ.